ಮೊದಲ ರೊಟ್ಟಿ

ರೊಟ್ಟಿ ಬಡಿಯುತ್ತಾ ಮಾತಿಗಿಳಿದ ಅವ್ವ ಮತ್ತೆ ಹ್ಯಾಂಗ್ ಆದಳು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು, ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಲಕ್ವಾ ಹೊಡೆದ ಮೇಲೆ, ಓಣಿಯ ಎಷ್ಟೋ ಹಿರಿಯರಂತೆ ಅವಳ ತಲೆಯೂ ಒಳಗೆ ಕೂರಿಸಿದ ಪುಟ್ಟ ಕಂಪ್ಯೂಟರಿನ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು. ಮಗಳು ನೀಲವ್ವ ರಿಪೇರಿಯ ದಾವಲಸಾಬನನ್ನು ಕರೆಸಿದಳು.

ಅವನು ಅವ್ವನ ಕಿವಿಯ ಹಿಂದೆ ವೈರು ಚುಚ್ಚಿ, ಪರದೆ ನೋಡಿ ನಿಟ್ಟುಸಿರುಬಿಟ್ಟ.

"ಅಕ್ಕಾರ, ಒಳಗ ಒಂದು ಪ್ರೋಗ್ರಾಂ ಹಗಲೂ ರಾತ್ರಿ ಓಡಾಕತ್ತೈತಿ. ಮೆಮರಿ ಎಲ್ಲಾ ಅದ ತಿನ್ನಾಕತ್ತೈತಿ. ನಿಮ್ಮ ತಮ್ಮನ ದಾರಿ ಕಾಯೂದು."

ತಮ್ಮ ಚನ್ನವೀರ ಹೊಳೆಯ ಪಾಲಾಗಿ ವರ್ಷಗಳೇ ಕಳೆದಿದ್ದವು. ಆದರೂ ದಿನದ ಮೊದಲ ರೊಟ್ಟಿಯನ್ನು ಅವ್ವ ಅವನಿಗೆಂದೇ ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳು. ಇವತ್ತಿನದೂ ಅಲ್ಲೇ ಇತ್ತು.

"ಮೆಮರಿ ಹೆಚ್ಚಿಗಿ ಹಾಕಾಕ ಬರೂದಿಲ್ಲೇನು?"

"ಎಷ್ಟ ಹಾಕಿದ್ರೂ ಅದನ್ನೂ ತಿಂತೈತ್ರಿ."

ನೀಲವ್ವ ಮುಖ ತಿರುಗಿಸಿದಳು. "ಹಂಗಾರ ಆ ಪ್ರೋಗ್ರಾಂ ಬಂದ್ ಮಾಡಪಾ."

ಅವ್ವ ಕಣ್ಣು ಪಿಳುಕಿಸಿದಳು. ಮತ್ತೆ ಹಿಟ್ಟು ನಾದಿದಳು, ರೊಟ್ಟಿ ಬಡಿಯುತ್ತಲೇ ಹರಟಿದಳು, ನಕ್ಕಳು ಕೂಡ. ಆಮೇಲೆ ಬುಟ್ಟಿ ತೆರೆದು ಒಳಗಿದ್ದ ರೊಟ್ಟಿಯನ್ನು ನೀಲವ್ವನ ತಾಟಿಗೆ ಹಾಕಿದಳು.

"ಯಾರಿಗಂತ ತೆಗದಿಟ್ಟಿದ್ನೋ ಏನೋ. ನೀನ ತಿನ್ನವ್ವಾ."

ನೀಲವ್ವ ಒಂದು ತುತ್ತು ಮುರಿದಳು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಅವ್ವ ಮಾತಾಡುತ್ತಲೇ ಇದ್ದಳು.