ಉಕ್ಕದ ಹಾಲು

ಹಾಲು ಕಾಯುವ ವಾಸನೆ ಬಂದರೆ ಈಗಲೂ ನನ್ನ ಕಣ್ಣು ರಟ್ಟಿನ ಪೆಟ್ಟಿಗೆ ಹುಡುಕುತ್ತದೆ.

ಅಪ್ಪ ಧಾರವಾಡದಿಂದ ಬಂದ ಡಾಕ್ಟರ್. ಲಂಡನ್ನಿನ ಆಸ್ಪತ್ರೆಗಳು ಅವನಿಗೆ ಆರಾರು ತಿಂಗಳ ಕೆಲಸವನ್ನಷ್ಟೇ ಕೊಡುತ್ತಿದ್ದವು. ನಾಲ್ಕು ಬಾಡಿಗೆ ಮನೆಗಳಲ್ಲಿ ಅವ್ವ ಹಾಲು ಉಕ್ಕಿಸಿರಲಿಲ್ಲ. ಅದೇ ಊರಿನ ಕೆಂಟನ್ ಬಡಾವಣೆಯ ಐದನೆಯ ಮನೆಗೆ ಬಂದ ಮಧ್ಯಾಹ್ನ, ಈ ಸಲದ ನೌಕರಿ ಕಾಯಂ ಎಂದು ನಂಬಿ, ಹೊಸ ಪಾತ್ರೆಯಲ್ಲಿ ಹಾಲಿಟ್ಟಳು. ನಾನು ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸುತ್ತಿದ್ದೆ.

ಹಾಲು ಅಂಚಿಗೆ ಏರುವಾಗ ಅಪ್ಪ ಕಾಗದ ಹಿಡಿದು ಒಳಬಂದ.

“ಇದೂ ಆರ ತಿಂಗಳದ್ದ ಅಂತ.”

ಅವ್ವ ಒಲೆ ಆರಿಸಿದಳು.

“ಉಕ್ಕಲಿ ಬಿಡು,” ಎಂದ ಅಪ್ಪ.

“ನಮ್ಮ ಮನಿ ಅಂತ ಒಂದ ಆಗಲಿ, ಅವಾಗ ಉಕ್ಕಸೂಣ್ರಿ,” ಎನ್ನುತ್ತ ಅವ್ವ ಅದೇ ಹಾಲಿಗೆ ಚಹಾಪುಡಿ ಹಾಕಿದಳು.

ಯಾರೂ ಹೇಳದಿದ್ದರೂ ನಾನು ಪುಸ್ತಕಗಳನ್ನು ಮತ್ತೆ ಪೆಟ್ಟಿಗೆಗೆ ತುಂಬತೊಡಗಿದೆ.