ಅರವತ್ತು ಗುಲಾಬಿ ಸೋಪು

"ಸಂಜೆಯೊಳಗೆ ಕಳ್ಳರು ಯಾರು ಅಂತ ಹೇಳಿ. ಇಲ್ಲದಿದ್ರೆ ನಿಮ್ಮ ಹೆಸರನ್ನೇ ಬರ್ಕೋತೀನಿ," ಎಂದರು ಫೋನಿನಲ್ಲಿ ಮುಖ್ಯ ಕಚೇರಿಯ ಸಾಹೇಬರು.

ದಿನಸಿ ಅಂಗಡಿಯ ಮ್ಯಾನೇಜರಮ್ಮ ತಮಾಷೆಯೆಂದುಕೊಂಡು ನಕ್ಕಳು. ಆ ಕಡೆಯಿಂದ ನಗು ಬರಲಿಲ್ಲ.

"ಕಂಪ್ಯೂಟರ್ ಪ್ರಕಾರ ನಿಮ್ಮಲ್ಲಿ ಗುಲಾಬಿ ಸೋಪು ಅರವತ್ತಿದೆ. ಇದೆಯಾ?"

"ಮೂರಿದೆ ಸರ್."

"ಉಳಿದಿದ್ದು ಗಾಳಿಗೆ ಹಾರಿ ಹೋಯ್ತಾ? ಬಿಲ್ ಆಗಿಲ್ಲ, ವಾಪಸ್ ಬಂದಿಲ್ಲ. ಅದೂ ನೂಕುನುಗ್ಗಲಿನ ದಿನವೇ ಮಾಯ ಆಗುತ್ತೆ. ಒಳಗಿನವರದ್ದೇ ಕೈ. ಇವತ್ತಿನಿಂದ ಕೆಲಸದವರ ಚೀಲಾನೂ ಬಿಲ್ಲೂ ಬಾಗಿಲಲ್ಲಿ ತಾಳೆ ನೋಡೋಕೆ ಹೇಳಿ."

ಈ ಅಂಗಡಿಗೆ ಸರಕು ತರಿಸುವುದು ಈಗ ಮನುಷ್ಯರ ಕೆಲಸವಲ್ಲ. ಕೌಂಟರಿನಲ್ಲಿ ಬೀಪ್ ಎಂದದ್ದನ್ನು ಕಂಪ್ಯೂಟರ್ ತನ್ನ ಲೆಕ್ಕದಿಂದ ಕಳೆಯುತ್ತದೆ. ಲೆಕ್ಕ ತಳ ಕಂಡಿತೆಂದರೆ ತಾನೇ ಆರ್ಡರ್ ಕಳಿಸುತ್ತದೆ. ಯಾರನ್ನೂ ಕೇಳುವುದಿಲ್ಲ, ಯಾರು ಹೇಳಿದರೂ ಕೇಳುವುದಿಲ್ಲ. ಗೋಡೌನಿನಲ್ಲಿ ನಿಂಬೆ ಸೋಪಿನ ಪೆಟ್ಟಿಗೆಗಳು ಸೂರು ಮುಟ್ಟಿದ್ದರೂ ವಾರವಾರ ಮತ್ತೆ ನಿಂಬೆ ಸೋಪೇ ಬಂದಿಳಿಯುತ್ತಿತ್ತು. "ಇದಕ್ಕೆ ನಿಂಬೆ ಹುಚ್ಚು ಹಿಡಿದಿದೆ" ಎಂದು ಎಲ್ಲರೂ ನಗುತ್ತಿದ್ದರು. ಇವತ್ತು ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಸೋಪಿನ ಸಾಲು ಜೋಡಿಸುವವಳು ಒಬ್ಬಳೇ. ಮ್ಯಾನೇಜರಮ್ಮನ ಸ್ವಂತ ಚಿಕ್ಕಮ್ಮ. ತಾಯಿ ಹಾಸಿಗೆ ಹಿಡಿದಿದ್ದಾಗ ಇವಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದವಳು. ಈಗ ಚಿಕ್ಕಪ್ಪ ಮೂಲೆ ಹಿಡಿದಿದ್ದಾನೆ; ಆ ಮನೆಯಲ್ಲಿ ದುಡಿಯುವ ಕೈ ಇದೊಂದೇ.

ಆ ಕೈಯಿಂದ ಗುಲಾಬಿ ಸೋಪಿನ ವಾಸನೆ ಬರುತ್ತಿತ್ತು.

"ಕ್ಯಾಮೆರಾ ನೋಡಿದ್ಯಾ?" ಚಿಕ್ಕಮ್ಮ ಸೋಪು ಜೋಡಿಸುತ್ತಲೇ ಕೇಳಿದಳು.

"ನೋಡ್ದೆ. ಯಾರೂ ಏನೂ ಬಚ್ಚಿಟ್ಟಿದ್ದು ಕಾಣ್ಲಿಲ್ಲ."

"ಮತ್ತೆ ನನ್ನ ಮುಖ ಯಾಕೆ ಹಾಗೆ ನೋಡ್ತೀಯ?"

"ಚಿಕ್ಕಮ್ಮಾ, ನಿನ್ನ ಮೈಯೆಲ್ಲ ಗುಲಾಬಿ ಸೋಪಿನ ವಾಸನೆ."

"ದಿನಾ ಅದನ್ನೇ ಮುಟ್ತೀನಿ ಕಣೇ. ಮೀನಿನ ಹತ್ರ ಹಾಕು, ಮೀನು ವಾಸನೆ ಹೊಡೀತೀನಿ."

"ನೂಕುನುಗ್ಗಲಿನ ದಿನವೇ ಕಳುವಾಗೋದು. ಆ ದಿನ ನೀನಿರ್ತೀಯ."

"ನೀನಿರಲ್ವಾ?"

"ನಾನು ಕೌಂಟರಲ್ಲಿ ಕೂತು ಬೆವರು ಸುರಿಸ್ತಿರ್ತೀನಿ!"

ಅದಂತೂ ಸುಳ್ಳಲ್ಲ. ಜನ ಹೆಚ್ಚಾದರೆ ಅವಳೇ ಕೌಂಟರಿಗೆ ಕೂರುತ್ತಿದ್ದಳು. ಬೇರೆಯವರು ಮಿರಿಮಿರಿ ಹೊದಿಕೆಯ ಸಾಮಾನನ್ನು ಬೆಲೆ ಓದುವ ಯಂತ್ರದ ಕೆಂಪು ಗೆರೆಯ ಮುಂದೆ ಹೊರಳಿಸಿ ಹೊರಳಿಸಿ ಬೀಪ್ ಅನ್ನಿಸುವಷ್ಟರಲ್ಲಿ ಇವಳ ಮುಂದಿನ ಸಾಲು ಅರ್ಧ ಕರಗಿರುತ್ತಿತ್ತು. ಕೈಯಲ್ಲ ಅದು, ಮಗ್ಗದ ಲಾಳಿ. ಆ ವೇಗಕ್ಕೆ ಮುಖ್ಯ ಕಚೇರಿ ಕೊಟ್ಟ ಬಹುಮಾನದ ಫಲಕ ಅವಳ ನೆತ್ತಿಯ ಮೇಲೇ ತೂಗುತ್ತಿತ್ತು.

"ನಾಳೆಯಿಂದ ಬರಬೇಡ ಚಿಕ್ಕಮ್ಮ."

ಮಾತು ಬಾಯಿಂದ ಜಾರಿಬಿಟ್ಟಿತ್ತು.

ಚಿಕ್ಕಮ್ಮ ಅಳಲಿಲ್ಲ. ಏಪ್ರನ್ನು ಬಿಚ್ಚಿ ಮಡಿಸಿದಳು. "ಸಾಹೇಬರಿಗೆ ನನ್ನ ಹೆಸರು ಹೇಳ್ತೀಯಾ?"

ಇವಳು ಮಡಿಸಿದ ಏಪ್ರನ್ ಇಸಿದುಕೊಂಡಳು.

"ಹೇಳು ಮಗಳೇ. ಒಬ್ಬರ ಕೆಲಸವಾದ್ರೂ ಉಳೀಲಿ. ಆದ್ರೆ ನಾನು ಬರಿಗೈಲಿ ಹೋಗಲ್ಲ." ಉಳಿದಿದ್ದ ಮೂರೂ ಗುಲಾಬಿ ಸೋಪನ್ನು ಬುಟ್ಟಿಗೆ ಹಾಕಿಕೊಂಡಳು. "ಗುಲಾಬಿ ಕಳ್ಳಿ ಅಂದ್ಯಲ್ಲ, ದುಡ್ಡು ಕೊಟ್ಟೇ ಒಯ್ತೀನಿ." ಮೇಲೊಂದು ನಿಂಬೆ ಸೋಪು ಇಟ್ಟಳು. "ಇದು ನಿನ್ನ ಗೋಡೌನಿನ ಮೇಲಿನ ಕನಿಕರಕ್ಕೆ."

ಸಂಜೆಯ ಜನ ನುಗ್ಗಿತು. ಮ್ಯಾನೇಜರಮ್ಮ ಕೌಂಟರಿಗೆ ಕೂತಳು; ತಲೆ ತಗ್ಗಿಸಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಚಿಕ್ಕಮ್ಮ ಎಲ್ಲರಂತೆ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಬೀಪ್. ಬಿಲ್ ಹರಿಯಿತು. ಚಿಕ್ಕಮ್ಮ ದುಡ್ಡಿಟ್ಟು ನಡೆದಳು.

ಬಾಗಿಲಲ್ಲಿ ಕಾವಲಿನ ಮೀಸೆ ಮಾವ ತಡೆದ. ಚೀಲ ನೋಡಿದ. ಬಿಲ್ ನೋಡಿದ. ಮತ್ತೆ ಚೀಲ ನೋಡಿದ. ಅವನ ಮುಖ ಕಪ್ಪಿಟ್ಟಿತು.

ಕೌಂಟರಿನಲ್ಲಿ ಕೂತವಳು ಅರ್ಧ ಎದ್ದು ನಿಂತಳು. ಅಯ್ಯೋ ಚಿಕ್ಕಮ್ಮ, ಹೋಗುವಾಗಲೂ ಕೈ ಹಾಕಿದೆಯಾ?

"ಅಮ್ಮಾವ್ರೇ," ಮೀಸೆ ಮಾವ ಅಲ್ಲಿಂದಲೇ ಕೂಗಿದ, "ಚೀಲದಲ್ಲಿ ಗುಲಾಬಿ ಮೂರು, ನಿಂಬೆ ಒಂದು. ಬಿಲ್ಲಲ್ಲಿ ನಾಲ್ಕೂ ನಿಂಬೆ! ಗುಲಾಬಿ ಬಿಲ್ಲೇ ಆಗಿಲ್ಲ."

"ನಾಲ್ಕಕ್ಕೂ ದುಡ್ಡು ಕೊಟ್ಟಿದ್ದೀನಪ್ಪಾ," ಎಂದಳು ಚಿಕ್ಕಮ್ಮ.

ಕೊಟ್ಟಿದ್ದಳು. ಎರಡು ಬಗೆಗೂ ಒಂದೇ ಬೆಲೆ. ಗುಲಾಬಿಯ ಹೊದಿಕೆ ಮಿರಿಮಿರಿ, ಯಂತ್ರ ಬೇಗ ಓದುವುದಿಲ್ಲ. ನಿಂಬೆಯನ್ನು ಎತ್ತಿ ಒಂದು ಸಲ ಬೀಪ್ ಅನ್ನಿಸು, 'ನಾಲ್ಕು' ಒತ್ತು, ಮುಂದಿನವರನ್ನು ಕರೆ. ಇವಳ ಸಾಲು ಕರಗುತ್ತಿದ್ದದ್ದೇ ಹೀಗೆ. ಗುಲಾಬಿ ಲೆಕ್ಕದಲ್ಲಷ್ಟೇ ಉಳಿದದ್ದೂ, ಗೋಡೌನಿನಲ್ಲಿ ನಿಂಬೆ ಸೂರು ಮುಟ್ಟಿದ್ದೂ ಹೀಗೇ.

ಫೋನ್ ಹೊಡೆದುಕೊಂಡಿತು.

"ಗೊತ್ತಾಯ್ತಾ?"

"ಗೊತ್ತಾಯ್ತು ಸರ್. ನನ್ನ ಹೆಸರೇ ಬರ್ಕೊಳ್ಳಿ."

ಫೋನಿಟ್ಟು, ಬಾಗಿಲಿಗೆ ಹೋಗಿ ಚಿಕ್ಕಮ್ಮನ ಕೈಯಿಂದ ಚೀಲ ಇಸಿದುಕೊಂಡು ಬಂದು, ಒಂದು ಗುಲಾಬಿ ಸೋಪನ್ನು ಕೆಂಪು ಗೆರೆಯ ಮುಂದೆ ಹಿಡಿದಳು. ಯಂತ್ರ ಓದಲಿಲ್ಲ. ಹೊರಳಿಸಿ ಮತ್ತೆ ಹಿಡಿದಳು. ಸಾಲಿನಲ್ಲಿದ್ದವರು ಗೊಣಗಿದರು. ಆಮೇಲೆ ಅದು ಬೀಪ್ ಎಂದಿತು.