ಲೊಚಗುಟ್ಟಿದ ತಪ್ಪಿಗೆ

ಬನಶಂಕರಿಯಿಂದ ಜಯನಗರಕ್ಕೆ ಆಟೋದಲ್ಲಿ ಹತ್ತು ನಿಮಿಷ. ಸಂಹಿತಾಗೆ ಮೂರು ವಾರ ಹಿಡಿಯಿತು. ಎರಡು ಸಲ ಮೈಥಿಲಿಯ ಮನೆಯ ಗೇಟಿನವರೆಗೂ ಬಂದು, ಒಳಗೆ ಯಾರದೋ ದನಿ ಕೇಳಿ, ಕಳ್ಳಿಯ ಹಾಗೆ ವಾಪಸ್ ಹೋಗಿದ್ದಳು. ಈ ಭಾನುವಾರ ಅವಳು ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು.

"ಬಾರಮ್ಮ, ನೂರು ವರ್ಷ ನಿಂಗೆ," ಎಂದರು ಮೈಥಿಲಿಯ ಅತ್ತೆ ಕಮಲಾದೇವಿ. "ಈಗ ನಿನ್ನ ವಿಷಯಾನೇ ನಡೀತಿತ್ತು."

ಸಂಹಿತಾ ಚಪ್ಪಲಿ ಕಳಚಿ ಒಳಗೆ ಬಂದಳು.

ಸೋಫಾದಲ್ಲಿ ಮೈಥಿಲಿ ಕೂತಿದ್ದಳು. ಬಲಗೈಗೆ ಮೊಣಕೈಯಿಂದ ಬೆರಳ ಬುಡದವರೆಗೆ ಕಟ್ಟು. ಮಣಿಕಟ್ಟಿನೊಳಗೆ ಪ್ಲೇಟು ಕೂರಿಸಿದ್ದಾರೆ. ಅವಳು ಹಲ್ಲಿನ ಡಾಕ್ಟರು, ಜೆ.ಪಿ. ನಗರದ ಕ್ಲಿನಿಕ್ಕಿಗೆ ಬಿದ್ದ ದಿನದಿಂದ ಬೀಗ. ಮತ್ತೆ ಸಲಕರಣೆ ಹಿಡಿಯುವಷ್ಟು ಬಲ ಆ ಬೆರಳುಗಳಿಗೆ ಬರುತ್ತದೋ ಇಲ್ಲವೋ, ಯಾರೂ ಖಚಿತವಾಗಿ ಹೇಳುತ್ತಿಲ್ಲ.

ಎದುರಿಗೆ ನೋಡಲು ಬಂದ ನೆಂಟರು. ಅವರ ನಡುವೆ ಶಾಲಿನಿ, ಕಥೆ ಹೇಳುತ್ತ.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಸಂಹಿತಾ, ಮೈಥಿಲಿ, ಶಾಲಿನಿ ಮೂವರೂ ಶಾಲೆಯ ಗೆಳತಿಯರು. ನಲವತ್ತು ತುಂಬಿದ ನೆಪದಲ್ಲಿ ಗಂಡ ಮಕ್ಕಳನ್ನು ಮನೆಯಲ್ಲಿ ಬಿಟ್ಟು ನ್ಯೂಜಿಲೆಂಡಿಗೆ ಹೋಗಿ, ಕುದುರೆ ಸಾಕುವ ಒಂದು ರ‍್ಯಾಂಚಿನಲ್ಲಿ ನಾಲ್ಕು ದಿನ ಇದ್ದರು. ಬೆಳಿಗ್ಗೆ ಕುದುರೆಯ ಪಾಠ, ಆಮೇಲೆ ಗುಡ್ಡದ ಮೇಲೆ ಸವಾರಿ. ಲಾಲ್‌ಬಾಗ್ ಸುತ್ತಲು ಏದುಸಿರು ಬಿಡುವವರಿಗೆ ಇದೆಲ್ಲ ಯಾಕೆ ಬೇಕಿತ್ತೋ.

"ಎರಡನೇ ದಿನ ನೋಡ್ಬೇಕಿತ್ತು ಆಂಟಿ," ಎನ್ನುತ್ತಿದ್ದಳು ಶಾಲಿನಿ. "ಮೈಥಿ ಕುದುರೆ ಮೇಲೇ ಹುಟ್ಟಿದೋಳ ಥರ ಮುಂದೆ. ನಮ್ಮ ಸಂಹಿ ಕುದುರೆ ಹುಲ್ಲು ಮೇಯ್ತಾ ನಿಂತ್ಬಿಟ್ಟಿದೆ, ಏನು ಮಾಡಿದ್ರೂ ಅಲ್ಲಾಡಲ್ಲ. ಇವಳು ತಿರುಗಿ, 'ಸಂಹಿ, ನಿನ್ನ ಕುದುರೆದೂ ಗೌರ್ನಮೆಂಟ್ ಕೆಲಸಾನೇನೇ?' ಅಂದ್ಳು! ಅವತ್ತು ಸಂಜೆಯೆಲ್ಲ ಅದೇ ತಮಾಷೆ."

ನೆಂಟರು ಹೊಟ್ಟೆ ಹಿಡಿದು ನಕ್ಕರು. ವಿಲ್ಸನ್ ಗಾರ್ಡನ್ನಿನ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ಸಂಹಿತಾ ಕೂಡ ನಕ್ಕಳು. ಅವತ್ತೂ ನಕ್ಕಿದ್ದಳು.

"ಮಾರನೇ ದಿನ ಮೈಥಿಗೆ ಬೇರೆ ಕುದುರೆ. ಗುಡ್ಡದ ಮೇಲೆ ಎಲ್ಲರೂ ನಿಂತಿದ್ವಿ. ಇವಳು ಲಗಾಮು ಬಿಟ್ಟು ಸಂಹಿ ಮುಂದೆ ಎರಡೂ ಕೈ ಚಾಚಿದ್ಳು. ಅಂಗೈಯೆಲ್ಲ ಬೊಬ್ಬೆ. ಸಂಹಿ ಪಾಪ, ನೋಡಿ ಲೊಚ್ ಲೊಚ್ ಅಂದ್ಳು. ಅಷ್ಟೇ! ಆ ಕುದುರೆಗೆ ಅದು ಓಡು ಅನ್ನೋ ಸಿಗ್ನಲ್ಲಂತೆ. ಬಾಣ ಬಿಟ್ಟ ಹಾಗೆ ಹೋಯ್ತು. ಇವಳು ಕೆಳಗೆ."

ಆ ಸಿಗ್ನಲ್ಲಿನ ಸಂಗತಿಯನ್ನು ಆಸ್ಪತ್ರೆಯಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದವಳು ಮೈಥಿಲಿಯೇ. ನೋವಿನಲ್ಲೂ, 'ಅವಳು ಅಯ್ಯೋ ಪಾಪ ಅಂತ ಲೊಚಗುಟ್ಟಿದ್ದು, ಯಾರೂ ಏನೂ ಅನ್ಬೇಡಿ' ಎಂದಿದ್ದಳು.

"ನೋವು ಕಂಡ್ರೆ ನಮ್ಮೋರಿಗೆ ಲೊಚಗುಟ್ಟದೆ ಇರೋಕಾಗತ್ತಾ?" ಎಂದು ಕಮಲಾದೇವಿ ಸಂಹಿತಾಳ ಬೆನ್ನು ಸವರಿದರು. "ನೀನೇನು ಬೇಕಂತ ಮಾಡಿದ್ಯಾ ತಾಯಿ? ಮರೆತುಬಿಡು." ಹಾಗೆನ್ನುತ್ತ ಸೊಸೆಯ ಕೈ ನೋಡಿ ತಾವೂ ಲೊಚಗುಟ್ಟಿದರು. ಸಂಹಿತಾ ಬೆಚ್ಚಿಬಿದ್ದಳು.

ಅವಳಿಗೆ ಮುಖ ಎತ್ತಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮನೆಯವರು ಸಮಾಧಾನ ಮಾಡಿದಷ್ಟೂ ನಾಚಿಕೆ ಹೆಚ್ಚುತ್ತಿತ್ತು.

ನೆಂಟರು ಎದ್ದರು. ಶಾಲಿನಿಯೂ ಅವರ ಜೊತೆ ಹೊರಟಳು. ಕಮಲಾದೇವಿ ಕಾಫಿಗೆಂದು ಒಳಗೆ ಹೋದರು. ಈಗ ಹೇಳಿದರೆ ಮೂವತ್ತು ವರ್ಷದ ಗೆಳೆತನ ಇವತ್ತಿಗೆ ಮುಗಿಯುತ್ತದೆ. ಹೇಳದಿದ್ದರೆ ಈ ಮನೆಯ ಹೊಸ್ತಿಲು ಇನ್ನು ತುಳಿಯುವ ಹಾಗಿಲ್ಲ.

"ಮೈಥಿ, ನಂಗೆ ಗೊತ್ತಿತ್ತು ಕಣೇ."

ಮೈಥಿಲಿ ಅವಳ ಕಡೆ ತಿರುಗಿದಳು.

"ಅವತ್ತು ಬೆಳಿಗ್ಗೆ ನೀವಿಬ್ರೂ ಮಲಗಿದ್ರಿ. ಪಾಠಕ್ಕೆ ನಾನೊಬ್ಳೇ ಹೋಗಿದ್ದು. ನಿಂಗೆ ಕೊಡೋ ಕುದುರೆ ಲೊಚ್ ಅಂದ್ರೆ ಸಾಕು ಓಡತ್ತೆ, ಮರೀದೆ ಹೇಳು ಅಂತ ರ‍್ಯಾಂಚಿನಾಕೆ ಹೇಳಿದ್ಳು. ನಾನು ಹೇಳ್ಲಿಲ್ಲ. ಹಿಂದಿನ ದಿನ ನೀನು ನಕ್ಕಿದ್ದು ಚುಚ್ತಾ ಇತ್ತು. ನೀನೂ ಒಂದ್ಸಲ ಎಲ್ರ ಮುಂದೆ ಹೆದರಿ ಕಿರುಚ್ಲಿ ಅಂತ ಬೇಕಂತಲೇ ಲೊಚಗುಟ್ಟಿದೆ. ಬೀಳ್ತೀಯ ಅಂದ್ಕೊಂಡಿರ್ಲಿಲ್ಲ, ದೇವರಾಣೆ."

ಹೇಳಿ ಮುಗಿಸಿ ಕಣ್ಣು ಮುಚ್ಚಿ ಕೂತಳು. ಮೈಥಿಲಿ ಕೂಗಾಡಲಿಲ್ಲ, ಅಳಲೂ ಇಲ್ಲ.

"ಗೊತ್ತು," ಎಂದಳು. "ನಾನು ಮಲಗಿರ್ಲಿಲ್ಲ. ಆಡ್ಕೊಂಡಿದ್ದಕ್ಕೆ ಸಾರಿ ಕೇಳೋಣ ಅಂತ ನಿನ್ನ ಹಿಂದೇನೇ ಬಂದಿದ್ದೆ. ಆಕೆ ಹೇಳಿದ್ದು ನಂಗೂ ಕೇಳಿಸ್ತು."

ಸಂಹಿತಾ ಕಣ್ಣು ಬಿಟ್ಟಳು. "ಗೊತ್ತಿದ್ದೂ ಯಾಕೆ ಲಗಾಮು ಬಿಟ್ಟು ನನ್ನ ಮುಂದೆ ಕೈ ಚಾಚಿದೆ?"

"ನೀನೇ ಹೇಳ್ತೀಯ ಅಂತ ಬೆಳಿಗ್ಗೆಯಿಂದ ಕಾಯ್ತಿದ್ದೆ ಕಣೇ. ಗಾಯ ತೋರಿಸಿದ್ರೆ ಆಗ್ಲಾದ್ರೂ ಹುಷಾರು ಅಂತೀಯ ಅಂದ್ಕೊಂಡೆ."